ಶಾಲೆಯ ಪೊಲೀಸರು ಯಾರ ಕೈಕೆಳಗೆ? ಅಮೆರಿಕದಲ್ಲಿರುವ ಕನ್ನಡದ ತಂದೆತಾಯಂದಿರಿಗೆ

ಊರಲ್ಲಿ ಪೊಲೀಸರ ಮೇಲೆ ಸಿಟ್ಟು ಬಂದರೆ ಯಾರನ್ನು ಕೇಳಬೇಕೆಂದು ನಮಗೆ ಗೊತ್ತು. ಠಾಣೆಯ ಇನ್‌ಸ್ಪೆಕ್ಟರ್, ಆಮೇಲೆ ಡಿವೈಎಸ್‌ಪಿ, ಎಸ್‌ಪಿ, ಕೊನೆಗೆ ಡಿಜಿಪಿ, ಗೃಹಮಂತ್ರಿ. ಒಂದೇ ಏಣಿ. ಅಮೆರಿಕದಲ್ಲಿ ಆ ಏಣಿಯೇ ಇಲ್ಲ. ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ, ಒಂದಕ್ಕೊಂದು ಅಧೀನವಲ್ಲ. ನಗರದ ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದು ನಗರಾಡಳಿತ. ಕೌಂಟಿಯ ಶೆರಿಫ್ ಬಹುತೇಕ ಕಡೆ ಚುನಾವಣೆಯಲ್ಲಿ ಗೆದ್ದು ಬರುವವರು, ಅವರಿಗೆ ಮೇಲಧಿಕಾರಿ ಅಂತ ಯಾರೂ ಇಲ್ಲ. ರಾಜ್ಯಕ್ಕೆ ಬೇರೆ ಪಡೆ, ಕೇಂದ್ರಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಇವೆಲ್ಲದರ ಜೊತೆಗೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳೇ ತಮ್ಮದೊಂದು ಪೊಲೀಸ್ ಇಲಾಖೆ ಕಟ್ಟಿಕೊಳ್ಳಬಹುದು. ಅಂಥ ಇಲಾಖೆಯ ಮುಖ್ಯಸ್ಥರು ಉತ್ತರ ಹೇಳಬೇಕಾದದ್ದು ಡಿಸ್ಟ್ರಿಕ್ಟಿನ ಶಾಲೆಗಳನ್ನು ನಡೆಸುವ ಸೂಪರಿಂಟೆಂಡೆಂಟ್‌ಗೆ ಮತ್ತು ಜನ ಆರಿಸಿದ ಸ್ಕೂಲ್ ಬೋರ್ಡಿಗೆ. ಗವರ್ನರಿಗೂ ಅಲ್ಲ, ಮೇಯರಿಗೂ ಅಲ್ಲ.

ನಿಮ್ಮ ಮಗುವಿನ ಶಾಲೆಯ ಬಾಗಿಲಲ್ಲಿ ನಿಂತ ಅಧಿಕಾರಿ ಇವುಗಳಲ್ಲಿ ಯಾವ ಇಲಾಖೆಯವರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ತೋಳಿನ ಮೇಲಿನ ಬ್ಯಾಡ್ಜ್ ಓದಿದರೆ ಗೊತ್ತಾಗುತ್ತದೆ. ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉವಾಲ್ಡೆಗಿಂತ ಕಠೋರ ಉದಾಹರಣೆ ಇಲ್ಲ.

ಎಪ್ಪತ್ತೇಳು ನಿಮಿಷ

2022ರ ಮೇ 24ರಂದು ಟೆಕ್ಸಸ್‌ನ ಉವಾಲ್ಡೆ ಎಂಬ ಸಣ್ಣ ಊರಿನ ರಾಬ್ ಎಲಿಮೆಂಟರಿ ಶಾಲೆಗೆ 18 ವರ್ಷದ ಹುಡುಗನೊಬ್ಬ ರೈಫಲ್ ಹಿಡಿದು ನುಗ್ಗಿದ. ನಾಲ್ಕನೇ ತರಗತಿಯ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅವನು ಒಳಹೊಕ್ಕದ್ದು 11:33ಕ್ಕೆ. ಮೂರು ನಿಮಿಷದಲ್ಲಿ ಪೊಲೀಸರು ಕಾರಿಡಾರಿನಲ್ಲಿದ್ದರು. ಕೊಠಡಿಯೊಳಗೆ ಹೋಗಿ ಅವನನ್ನು ಹೊಡೆದದ್ದು 12:50ಕ್ಕೆ. ಅಷ್ಟರಲ್ಲಿ ಶಾಲೆಯ ಬಳಿ ಸೇರಿದ್ದ ಅಧಿಕಾರಿಗಳು 376 ಜನ: ಕೇಂದ್ರದ ಗಡಿ ಪಡೆಯಾದ ಬಾರ್ಡರ್ ಪ್ಯಾಟ್ರೋಲ್‌ನವರು 149, ರಾಜ್ಯ ಪಡೆಯವರು 91, ನಗರ ಪೊಲೀಸರು 25, ಶೆರಿಫ್ ಕಚೇರಿಯವರು 16, ಶಾಲೆಯ ಸ್ವಂತ ಇಲಾಖೆಯವರು 5, ಉಳಿದವರು ಅಕ್ಕಪಕ್ಕದ ಊರುಗಳವರು. ಒಳಗಿದ್ದ ಮಕ್ಕಳು 911ಕ್ಕೆ ಕರೆ ಮಾಡಿ ಪೊಲೀಸರನ್ನು ಕಳಿಸಿ ಎಂದು ಪಿಸುಗುಡುತ್ತಿದ್ದರು. ಪೊಲೀಸರು ಗೋಡೆಯ ಆಚೆಗೇ ಇದ್ದರು.

ಕೊಲರಾಡೊದ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನಡೆದದ್ದು 1999ರಲ್ಲಿ. ಅಲ್ಲಿಂದೀಚೆಗೆ ಈ ದೇಶದ ಪೊಲೀಸ್ ತರಬೇತಿಯಲ್ಲಿ ನಿಯಮ ಒಂದೇ: ಗುಂಡು ಹಾರುತ್ತಿದ್ದರೆ ವಿಶೇಷ ಪಡೆಗೆ ಕಾಯಬೇಡ, ಇದ್ದವರೇ ಒಳನುಗ್ಗಿ. ಉವಾಲ್ಡೆಯಲ್ಲಿ ಶಾಲಾ ಪೊಲೀಸ್ ಮುಖ್ಯಸ್ಥ ಪೀಟ್ ಅರೆಡೊಂಡೊ ಇದನ್ನು ಒಬ್ಬ ಬಾಗಿಲು ಹಾಕಿಕೊಂಡು ಕೂತ ಪ್ರಕರಣ, ಅವಸರ ಬೇಡ ಎಂದು ತಿಳಿದರು. ಅವರ ಕೈಯಲ್ಲಿ ರೇಡಿಯೊ ಇರಲಿಲ್ಲ, ಮಕ್ಕಳ ಕರೆಗಳ ಸುದ್ದಿ ಮುಟ್ಟಲಿಲ್ಲ. ಶಾಲೆಯ ಲಿಖಿತ ಯೋಜನೆಯ ಪ್ರಕಾರ ಸ್ಥಳದ ಹೊಣೆ ಅವರದ್ದು. ಬೇರೆ ಇಲಾಖೆಯವರು ಇನ್ನೂ ಅವರ ಅಪ್ಪಣೆಗೆ ಕಾಯುತ್ತಿದ್ದರು, ಅಥವಾ ಯಾರಾದರೂ ಹೊಣೆ ಹೊತ್ತಿರಬೇಕು ಎಂದುಕೊಂಡಿದ್ದರು. ಬಹುಹೊತ್ತು ಕಳೆದದ್ದು ಬೀಗದಕೈ ಹುಡುಕುವುದರಲ್ಲಿ. 111ನೇ ಕೊಠಡಿಯ ಬಾಗಿಲು ಸರಿಯಾಗಿ ಲಾಕ್ ಆಗುವುದಿಲ್ಲವೆಂದು ಶಾಲೆಯಲ್ಲಿ ಗೊತ್ತಿತ್ತು, ದುರಸ್ತಿ ಆಗಿರಲಿಲ್ಲ. ಬಾಗಿಲಿನ ಹಿಡಿಯನ್ನು ಯಾರಾದರೂ ತಿರುಗಿಸಿ ನೋಡಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ಊರು ಮೆಕ್ಸಿಕೊ ಗಡಿಗೆ ಹತ್ತಿರ. ಪೊಲೀಸರು ಬೆನ್ನಟ್ಟಿದ ಗಾಡಿಯಿಂದ ಜನ ಇಳಿದು ಓಡಿದಾಗಲೆಲ್ಲ ಶಾಲೆಗೆ ಎಚ್ಚರಿಕೆ ಸಂದೇಶ ಬರುತ್ತಿತ್ತು. ಅಂಥವು ಎಷ್ಟು ಬಂದವೆಂದರೆ ಆವತ್ತಿನ ಸಂದೇಶವನ್ನೂ ಕೆಲವರು ಇನ್ನೊಂದು ಅಂಥದ್ದೇ ಎಂದುಕೊಂಡರು. ತೋಳ ಬಂತು ತೋಳ ಕತೆ ಅಕ್ಷರಶಃ ನಡೆದುಹೋಯಿತು.

ಹೊರಗೆ ತಂದೆತಾಯಂದಿರು ಒಳಗೆ ಬಿಡಿ ಎಂದು ಗೋಗರೆಯುತ್ತಿದ್ದರು. ಕೆಲವರನ್ನು ನೆಲಕ್ಕೆ ಒತ್ತಿದರು, ಒಬ್ಬ ತಾಯಿಗೆ ಬೇಡಿ ಹಾಕಿದರು. ಮರುದಿನ ಗವರ್ನರ್ ಗ್ರೆಗ್ ಅಬಟ್ ಪೊಲೀಸರ ಧೈರ್ಯವನ್ನು ಹೊಗಳಿದರು, ಎರಡು ದಿನ ಬಿಟ್ಟು ತಮಗೆ ತಪ್ಪು ಮಾಹಿತಿ ಕೊಟ್ಟಿದ್ದರು ಎಂದರು. ಜನರ ಕೋಪ ಇಷ್ಟು ಕಾಲ ಆರದೆ ಉಳಿದಿರುವುದಕ್ಕೆ ಕಾರಣ ಬರೀ ವಿಳಂಬವಲ್ಲ, ವಿಳಂಬದ ಮೇಲೆ ಹೇಳಿದ ಸುಳ್ಳು. 2023ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನ ಕವನೆಂಟ್ ಶಾಲೆಯಲ್ಲಿ ಮೊದಲ ಕರೆ ಬಂದ ಸುಮಾರು 14 ನಿಮಿಷದಲ್ಲಿ ಪೊಲೀಸರು ಒಳನುಗ್ಗಿ ಹಂತಕನನ್ನು ಮುಗಿಸಿದರು. ಆಗಲೂ ಆರು ಜೀವ ಹೋಗಿದ್ದವು. ಆದರೆ ಆ ಪೊಲೀಸರನ್ನು ಯಾರೂ ಬೈಯಲಿಲ್ಲ.

ಕೋರ್ಟು ಏನು ಹೇಳುತ್ತದೆ

"ಕಾಪಾಡದ ಪೊಲೀಸರ ಮೇಲೆ ಕೇಸು ಹಾಕಬಹುದಲ್ಲ?" ಎಂದು ನಮ್ಮವರು ಕೇಳುತ್ತಾರೆ. ಹಾಕಬಹುದು, ಗೆಲ್ಲುವುದು ಬಹಳ ಕಷ್ಟ. 1989ರ ಡಿಶೇನಿ ತೀರ್ಪು, 2005ರ ಕ್ಯಾಸಲ್ ರಾಕ್ ತೀರ್ಪು ಎರಡರಲ್ಲೂ ಸುಪ್ರೀಂ ಕೋರ್ಟಿನ ನಿಲುವು ಇದು: ಖಾಸಗಿ ವ್ಯಕ್ತಿಯ ಹಿಂಸೆಯಿಂದ ನಿಮ್ಮನ್ನು ಕಾಪಾಡಲೇಬೇಕೆಂಬ ಹೊಣೆಯನ್ನು ಸಂವಿಧಾನ ಪೊಲೀಸರ ಮೇಲೆ ಸಾಮಾನ್ಯವಾಗಿ ಹೊರಿಸುವುದಿಲ್ಲ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತಾಗ ಕಟ್ಟಡದ ಹೊರಗೇ ನಿಂತಿದ್ದ ಶೆರಿಫ್ ಕಚೇರಿಯ ಡೆಪ್ಯುಟಿ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು. 2023ರಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಉವಾಲ್ಡೆ ನಗರ 2024ರಲ್ಲಿ ಕುಟುಂಬಗಳಿಗೆ 20 ಲಕ್ಷ ಡಾಲರ್ ಕೊಟ್ಟದ್ದು ರಾಜಿಯಿಂದ, ತೀರ್ಪಿನಿಂದಲ್ಲ.

ಹಾಗಾದರೆ ಜನರ ಸಿಟ್ಟು ಎಲ್ಲಿ ಫಲ ಕೊಟ್ಟಿತು? ಸ್ಕೂಲ್ ಬೋರ್ಡಿನಲ್ಲಿ. ತಂದೆತಾಯಂದಿರು ಸಭೆಯಿಂದ ಸಭೆಗೆ ಬಂದು ಪಟ್ಟು ಹಿಡಿದರು. 2022ರ ಆಗಸ್ಟ್ 24ರಂದು ಬೋರ್ಡ್ ಒಮ್ಮತದಿಂದ ಅರೆಡೊಂಡೊ ಅವರನ್ನು ವಜಾ ಮಾಡಿತು, ಅಕ್ಟೋಬರಿನಲ್ಲಿ ಶಾಲಾ ಪೊಲೀಸ್ ಇಲಾಖೆಯ ಕೆಲಸವನ್ನೇ ಅಮಾನತಿನಲ್ಲಿಟ್ಟಿತು. ಅದೇ ಕುಟುಂಬಗಳು ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಎಂದು ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಹೋದವು. 2023ರ ಮೇನಲ್ಲಿ ಮಸೂದೆ ಸಮಿತಿಯನ್ನು ದಾಟಿತು, ಸದನದಲ್ಲಿ ಮತಕ್ಕೇ ಬರಲಿಲ್ಲ. ಫ್ಲಾರಿಡಾ ಮಾತ್ರ ಪಾರ್ಕ್‌ಲ್ಯಾಂಡ್ ನಂತರ ಒಂದೇ ತಿಂಗಳಲ್ಲಿ ಅದನ್ನು ಮಾಡಿತ್ತು.

ಬೋರ್ಡಿನ ಮುಂದೆ ಮೂರು ನಿಮಿಷ

ಮತ ಹಾಕಲು ಪೌರತ್ವ ಬೇಕು. ಮಾತಾಡಲು ಬೇಡ. ಎಚ್-1ಬಿ ಮೇಲಿದ್ದವರೂ ಬೋರ್ಡ್ ಸಭೆಯಲ್ಲಿ ಹೆಸರು ಬರೆಸಿ ಮಾತಾಡಬಹುದು. ವೀಸಾಕ್ಕೆ ತೊಂದರೆಯಾದೀತೆಂದು ಹೆದರಿ ಎಷ್ಟೋ ಮನೆಗಳವರು ಈ ಸಭೆಗಳಿಗೆ ಹೋಗುವುದೇ ಇಲ್ಲ. ಸಾಮಾನ್ಯವಾಗಿ ಒಬ್ಬರಿಗೆ ಎರಡು ಮೂರು ನಿಮಿಷ ಸಿಗುತ್ತದೆ. ಟೆಕ್ಸಸ್‌ನಲ್ಲಿ ಕಾರ್ಯಸೂಚಿ ಸಭೆಗೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಪ್ರಕಟವಾಗಬೇಕು, ಅದರಲ್ಲಿರುವ ವಿಷಯದ ಮೇಲೆ ಮಾತಾಡುವ ಹಕ್ಕು ಕಾನೂನಿನಲ್ಲೇ ಇದೆ. ಹೆಸರು ನೋಂದಾಯಿಸಲು ಗಡುವು ಇರುತ್ತದೆ, ತಪ್ಪಿದರೆ ಅವಕಾಶವಿಲ್ಲ. ಬೋರ್ಡಿನವರು ಅಲ್ಲೇ ಉತ್ತರ ಕೊಡದಿದ್ದರೆ ಅವಮಾನ ಅಂದುಕೊಳ್ಳಬೇಡಿ, ಪಟ್ಟಿಯಲ್ಲಿಲ್ಲದ ವಿಷಯವನ್ನು ಅವರು ಚರ್ಚಿಸುವಂತಿಲ್ಲ. ಪ್ರಶ್ನೆಯನ್ನು ಬರೆದೂ ಕೊಡಿ.

"ಮಕ್ಕಳ ಸುರಕ್ಷತೆಗೆ ಏನು ಮಾಡಿದ್ದೀರಿ" ಎಂದು ಕೇಳಿದರೆ ಸಿಗುವುದು ಹಾರಿಕೆಯ ಉತ್ತರ. ಹೀಗೆ ಕೇಳಿ: ಮೊದಲ ನಿಮಿಷದಲ್ಲಿ ಸ್ಥಳದ ಹೊಣೆ ಯಾರದ್ದು, ಅವರು ಬರುವ ತನಕ ಯಾರದ್ದು? ನಗರ ಪೊಲೀಸರ ಬಳಿ ಶಾಲೆಯ ಮಾಸ್ಟರ್ ಕೀ ಇದೆಯೇ? ಅವರ ರೇಡಿಯೊ ಕಟ್ಟಡದ ಒಳಗೆ ಕೆಲಸ ಮಾಡುತ್ತದೆಯೇ, ಪರೀಕ್ಷಿಸಿದ್ದು ಯಾವಾಗ? ಶಾಲೆಯ ಪೊಲೀಸರು, ನಗರ ಪೊಲೀಸರು ಕೊನೆಯ ಸಲ ಒಟ್ಟಿಗೆ ತರಬೇತಿ ಮಾಡಿದ್ದು ಯಾವ ದಿನ? ಹೊರಬಾಗಿಲುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸುವ ನಿಯಮ ಟೆಕ್ಸಸ್‌ನಲ್ಲಿದೆ, ಆ ದಾಖಲೆ ಬರೆಯುವವರು ಯಾರು? ಕೆಟ್ಟ ಬೀಗದ ದೂರು ಕೊಟ್ಟರೆ ಎಷ್ಟು ದಿನದಲ್ಲಿ ದುರಸ್ತಿ? ಇವುಗಳಲ್ಲಿ ಬಹುಪಾಲು ಉವಾಲ್ಡೆಯಲ್ಲಿ ಕೆಟ್ಟ ಸಂಗತಿಗಳೇ.

ಲಿಖಿತ ದಾಖಲೆ ಬೇಕಿದ್ದರೆ ನಮ್ಮ ಆರ್‌ಟಿಐ ತರಹದ ಕಾನೂನು ಪ್ರತಿ ರಾಜ್ಯದಲ್ಲೂ ಇದೆ. ಟೆಕ್ಸಸ್‌ನಲ್ಲಿ ಪೌರತ್ವ ಕೇಳುವುದಿಲ್ಲ. ದಾಖಲೆ ಕೊಡಲು ಮನಸ್ಸಿಲ್ಲದ ಕಚೇರಿ 10 ಕೆಲಸದ ದಿನಗಳೊಳಗೆ ಅಟಾರ್ನಿ ಜನರಲ್ ಅವರ ತೀರ್ಮಾನ ಕೋರಬೇಕು. ತನಿಖೆ ನಡೆಯುತ್ತಿದೆ ಎಂಬ ಕಾರಣಕ್ಕೆ ಬಹಳ ಸಲ ನಿರಾಕರಿಸುತ್ತಾರೆ. ಉವಾಲ್ಡೆ ನಗರದ ಬಾಡಿ ಕ್ಯಾಮೆರಾ ದೃಶ್ಯಗಳು ಹೊರಬರಲು ಮಾಧ್ಯಮಗಳು ಕೋರ್ಟಿಗೆ ಹೋಗಬೇಕಾಯಿತು, 2024ರ ಆಗಸ್ಟ್ ಆಯಿತು.

ಬಂದೂಕು: ವೀಸಾ ಮೇಲಿದ್ದವರು ಮುಟ್ಟುವ ಮುನ್ನ

ಉವಾಲ್ಡೆಯ ಹುಡುಗ ರೈಫಲ್‌ಗಳನ್ನು ಕದ್ದು ತಂದದ್ದಲ್ಲ. 18 ತುಂಬಿದ ಕೆಲವೇ ದಿನಗಳಲ್ಲಿ ಪರವಾನಗಿ ಇರುವ ಅಂಗಡಿಯಿಂದ ಕಾನೂನುಬದ್ಧವಾಗಿ ಕೊಂಡ. ಕೇಂದ್ರ ಕಾನೂನಿನಂತೆ ಉದ್ದನೆಯ ಬಂದೂಕಿಗೆ 18 ಸಾಕು. ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಬೇಕು, ಎಫ್‌ಬಿಐ ದತ್ತಾಂಶದಲ್ಲಿ ತಾಳೆ ನೋಡುತ್ತಾರೆ. ಖಾಸಗಿಯವರು ಒಬ್ಬರಿಗೊಬ್ಬರು ಮಾರುವಾಗ ಕೇಂದ್ರ ಕಾನೂನು ಈ ತಪಾಸಣೆ ಕೇಳುವುದಿಲ್ಲ, ಕೆಲವು ರಾಜ್ಯಗಳು ಕೇಳುತ್ತವೆ. ದುರಂತದ ಒಂದು ತಿಂಗಳಿಗೆ, 2022ರ ಜೂನ್ 25ರಂದು, ಬಂದ ಕಾಯ್ದೆಯಿಂದ 21ರ ಒಳಗಿನವರಿಗೆ ಹೆಚ್ಚುವರಿ ತಪಾಸಣೆ ಬಂತು, 10 ಕೆಲಸದ ದಿನಗಳವರೆಗೂ ತಡೆಹಿಡಿಯಬಹುದು. ಮಾರಾಟದ ವಯಸ್ಸು ಬದಲಾಗಲಿಲ್ಲ.

ಈಗ ನಮ್ಮವರಿಗೆ ನೇರವಾಗಿ ತಟ್ಟುವ ಮಾತು. ಎಚ್-1ಬಿ, ಎಚ್-4, ಎಫ್-1, ಎಲ್-1, ಬಿ-2 ಇಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಇರುವ ಕೆಲವೇ ವಿನಾಯಿತಿಗಳಲ್ಲಿ ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಒಂದು. "ಇಟ್ಟುಕೊಳ್ಳುವುದು" ಎಂದರೆ ಕೊಳ್ಳುವುದಷ್ಟೇ ಅಲ್ಲ. ಶನಿವಾರ ಸಹೋದ್ಯೋಗಿಗಳ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಅದು ಸೇರುತ್ತದೆ, ಆ ಫೋಟೊವನ್ನು ಹಾಕಿಕೊಂಡರೆ ಸಾಕ್ಷ್ಯ ನೀವೇ ಕೊಟ್ಟಂತೆ. ಶಿಕ್ಷೆ 15 ವರ್ಷದವರೆಗೆ, ಜೊತೆಗೆ ಗಡೀಪಾರು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಮನೆಯಲ್ಲಿ ಒಬ್ಬರದ್ದು ಗ್ರೀನ್ ಕಾರ್ಡ್, ಇನ್ನೊಬ್ಬರದ್ದು ಎಚ್-1ಬಿ ಆಗಿದ್ದರೆ, ಪೆಟ್ಟಿಗೆಯ ಬೀಗದಕೈ ಎರಡನೆಯವರಿಗೆ ಸಿಗುವಂತಿದ್ದರೂ ತಗಾದೆಯಾಗಬಹುದು. ಕೊಳ್ಳುವ ಮುನ್ನ ವಕೀಲರನ್ನು ಕೇಳಿ.

ಕೊಡಗಿನವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಮನೆಯಲ್ಲಿ ಕೋವಿ ಇರುವುದು, ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುವುದು ನಿಮಗೆ ಬಾಲ್ಯದಿಂದ ಬಂದದ್ದು, ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಅದು ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ದೀಪಾವಳಿಯ ಕೇಪು ಪಿಸ್ತೂಲು, ಫ್ಯಾನ್ಸಿ ಡ್ರೆಸ್ಸಿನ ಆಟಿಕೆ ಬಂದೂಕು ಮಗುವಿನ ಬ್ಯಾಗಿನಲ್ಲಿ ಶಾಲೆಗೆ ಹೋಗಬಾರದು. ನಿಜವಾದ ಬಂದೂಕು ತಂದ ವಿದ್ಯಾರ್ಥಿಗೆ 1994ರ ಕೇಂದ್ರ ಕಾನೂನಿನಂತೆ ಒಂದು ವರ್ಷ ಉಚ್ಚಾಟನೆ, ಆಟಿಕೆಗೂ ಶಾಲೆಗಳು ಕ್ರಮ ಕೈಗೊಳ್ಳುತ್ತವೆ. ಚಾಟ್‌ನಲ್ಲಿ "ನಾಳೆ ಶಾಲೆಗೆ ಬರಬೇಡಿ" ಎಂದು ತಮಾಷೆಗೆ ಬರೆದ ಹದಿಹರೆಯದವರನ್ನು ಬಂಧಿಸುತ್ತಾರೆ. ಇದನ್ನು ಮಕ್ಕಳಿಗೆ ಎದುರು ಕೂರಿಸಿಕೊಂಡು ಹೇಳಿ.

ಬೇರೆಯವರ ಮನೆಗೆ ಆಟಕ್ಕೋ ರಾತ್ರಿ ಉಳಿಯಲೋ ಕಳಿಸುವ ಮುನ್ನ, "ನಿಮ್ಮಲ್ಲಿ ಗನ್ ಇದೆಯೇ, ಬೀಗದಲ್ಲಿದೆಯೇ?" ಎಂದು ಕೇಳಲು ನಮ್ಮವರಿಗೆ ಸಂಕೋಚ. ಇಲ್ಲಿನ ಮಕ್ಕಳ ವೈದ್ಯರೇ ಕೇಳಿ ಎನ್ನುತ್ತಾರೆ. ಕಡಲೆಕಾಯಿ ಅಲರ್ಜಿ ಹೇಳುವಾಗಲೇ ಇದನ್ನೂ ಸೇರಿಸಿ ಕೇಳಿದರೆ ಸಹಜವಾಗುತ್ತದೆ. ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ಗುಂಡು ಹಾರಿಸಿದ ಹುಡುಗನ ತಂದೆತಾಯಿಗೆ, ಮನೆಯ ಬಂದೂಕನ್ನು ಅವನ ಕೈಗೆ ಸಿಗದಂತೆ ಇಡದಿದ್ದಕ್ಕೆ, 2024ರಲ್ಲಿ 10ರಿಂದ 15 ವರ್ಷ ಜೈಲಾಯಿತು.

ಯಾರಾದರೂ ಅಪಾಯಕಾರಿ ಎನಿಸಿದರೆ ಕೋರ್ಟು ಅವರ ಬಂದೂಕನ್ನು ತಾತ್ಕಾಲಿಕವಾಗಿ ತೆಗೆದಿಡಿಸುವ ರೆಡ್ ಫ್ಲ್ಯಾಗ್ ಕಾನೂನು ಕೆಲವು ರಾಜ್ಯಗಳಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯವರು, ಶಿಕ್ಷಕರು, ಸಹೋದ್ಯೋಗಿಗಳು ಅರ್ಜಿ ಹಾಕಬಹುದು. ಫ್ಲಾರಿಡಾದಲ್ಲಿ ಪೊಲೀಸರು ಮಾತ್ರ. ಟೆಕ್ಸಸ್‌ನಲ್ಲಿ ಆ ಕಾನೂನಿಲ್ಲ.

ಶಾಲೆಯಿಂದ ಸಂದೇಶ ಬಂದಾಗ

ಬಹಳಷ್ಟು ಶಾಲೆಗಳು ಐದು ಪದ ಬಳಸುತ್ತವೆ. ಹೋಲ್ಡ್ ಎಂದರೆ ಕಾರಿಡಾರ್ ಖಾಲಿ ಇರಲಿ, ತರಗತಿ ನಡೆಯಲಿ. ಹೆಚ್ಚಾಗಿ ಯಾರಿಗೋ ಹುಷಾರಿಲ್ಲದಾಗ. ಸೆಕ್ಯೂರ್ ಎಂದರೆ ಅಪಾಯ ಹೊರಗಿದೆ, ಹೊರಬಾಗಿಲಿಗೆ ಬೀಗ, ಒಳಗೆ ಪಾಠ ಎಂದಿನಂತೆ. ಲಾಕ್‌ಡೌನ್ ಎಂದರೆ ಅಪಾಯ ಒಳಗಿದೆ: ಬೀಗ, ದೀಪ ಬಂದ್, ಕಣ್ಣಿಗೆ ಬೀಳದ ಮೂಲೆ. ಇವ್ಯಾಕ್ಯುಯೇಟ್, ಶೆಲ್ಟರ್ ಎರಡೂ ಹೆಚ್ಚಾಗಿ ಬೆಂಕಿ, ಬಿರುಗಾಳಿಗೆ. ಸೆಕ್ಯೂರ್ ಸಂದೇಶಕ್ಕೆ ಎದೆ ಒಡೆದುಕೊಂಡು ಓಡಬೇಕಿಲ್ಲ.

ಲಾಕ್‌ಡೌನ್ ಆದರೆ ಮಗುವಿಗೆ ಫೋನ್ ಮಾಡಬೇಡಿ, ರಿಂಗಾದರೆ ಅಡಗಿದ ಜಾಗ ಬಯಲಾಗುತ್ತದೆ. ಶಾಲೆಗೆ ಹೋಗಬೇಡಿ ಎಂದು ಶಾಲೆಗಳು ಹೇಳುತ್ತವೆ. ಉವಾಲ್ಡೆಯ ನಂತರ ಆ ಮಾತನ್ನು ನಂಬುವುದು ಯಾವ ತಾಯಿತಂದೆಗೂ ಸುಲಭವಲ್ಲ. ಆದರೂ ಕಾರುಗಳು ರಸ್ತೆ ತುಂಬಿದರೆ ಆಂಬುಲೆನ್ಸ್ ಸಿಕ್ಕಿಕೊಳ್ಳುತ್ತದೆ.

ಮಕ್ಕಳನ್ನು ಒಪ್ಪಿಸುವುದು ಬೇರೊಂದು ಜಾಗದಲ್ಲಿ, ಸರ್ಕಾರಿ ಫೋಟೊ ಐಡಿ ನೋಡಿ, ಶಾಲೆಯ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿರುತ್ತದೆ, ಮಗುವಿನದ್ದು ಬೇರೆ, ತಾಯಿಯದ್ದು ಇನ್ನೂ ಬೇರೆ. ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂದಿರುತ್ತದೆ. ಪಟ್ಟಿಯಲ್ಲಿ "ಅಜ್ಜಿ" ಎಂದು ಕರೆಯುವ ಹೆಸರು ಬರೆಸಿ, ಅವರ ಪಾಸ್‌ಪೋರ್ಟಿನಲ್ಲಿ ಬೇರೆಯೇ ಇದ್ದರೆ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ತಂದೆ, ತಾಯಿ, ಊರಿಂದ ಬಂದ ಅಜ್ಜ ಅಜ್ಜಿ, ಹತ್ತಿರದ ಇಬ್ಬರು ಸ್ನೇಹಿತರು, ಇವರೆಲ್ಲರ ಹೆಸರನ್ನು ಐಡಿಯಲ್ಲಿರುವಂತೆ ಅಕ್ಷರ ತಪ್ಪದೆ ಬರೆಸಿ. ಶಾಲೆಯ ಪೋರ್ಟಲ್ ಈಗಲೇ ತೆರೆದು ನೋಡಿ, ಹಳೆಯ ಫೋನ್ ನಂಬರಿದ್ದರೆ ತೆಗೆಯಿರಿ. ಅಜ್ಜಿಯ ಪಾಸ್‌ಪೋರ್ಟ್ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಅಜ್ಜಿಗೂ ಗೊತ್ತಿರಲಿ.