ಮ್ಯಾಪ್ ಇರೋದು ಕಾರಿನಲ್ಲಲ್ಲ, ಫೋನಿನಲ್ಲಿ

ಮೊದಲೆಲ್ಲ ನಾನು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಮ್ಯಾಪ್ ನೋಡುತ್ತಿದ್ದೆ. ತಿರುವು ಹತ್ತಿರ ಬಂತು ಅನ್ನಿಸಿದಾಗ ಕತ್ತು ಬಗ್ಗಿಸುವುದು, ಮತ್ತೆ ರಸ್ತೆ ನೋಡುವುದು. ಒಂದು ಸಂಜೆ ಹಾಗೆ ಬಗ್ಗಿ ತಲೆಯೆತ್ತುವಷ್ಟರಲ್ಲಿ ಮುಂದಿನ ಲಾರಿಯ ಬ್ರೇಕ್ ದೀಪ ಕಣ್ಣೆದುರಿಗೇ ಇತ್ತು. ಬ್ರೇಕ್ ತುಳಿದ ರಭಸಕ್ಕೆ ಫೋನ್ ಜಾರಿ ಪೆಡಲುಗಳ ಹತ್ತಿರ ಬಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ ಕೂಗಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ದಾರೀನ ನಾನು ಯಾರನ್ನಾದ್ರೂ ಕೇಳಿ ಹೇಳ್ತೀನಿ, ನೀನು ರಸ್ತೆ ನೋಡಮ್ಮ" ಅಂದಳು.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಎರಡು ಸೆಕೆಂಡು ತೊಡೆಯ ಕಡೆ ನೋಡಿದೆ ಅಂದರೆ 30 ಮೀಟರು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸಿದ ಹಾಗೆ. ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಏಳು ಇಂಚಿನ ಟಚ್ ಸ್ಕ್ರೀನ್ ಮೊದಲಿನಿಂದಲೂ ಇತ್ತು. ಅದರಲ್ಲಿ ರೇಡಿಯೋ ಕೇಳುತ್ತಿದ್ದೆವು, ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ನೋಡುತ್ತಿದ್ದೆವು, ಅಷ್ಟೇ. ಫೋನಿನ ಮ್ಯಾಪನ್ನು ಅದರ ಮೇಲೆ ತರಬಹುದು ಅಂತ ಕೇಳಿ ಗೊತ್ತಿತ್ತು, ಮಾಡಿ ನೋಡಿರಲಿಲ್ಲ. ಆ ವಾರವೇ ಕೂತೆ.

ಇದಕ್ಕೆ ಈಗ ಮುಖ್ಯವಾಗಿ ಎರಡು ದಾರಿ. ಐಫೋನ್ ಇದ್ದವರಿಗೆ ಆಪಲ್‌ನ ಕಾರ್‌ಪ್ಲೇ, ಇದು ಬಂದದ್ದು 2014ರಲ್ಲಿ. ಉಳಿದ ಬಹುಪಾಲು ಫೋನುಗಳಿಗೆ ಗೂಗಲ್‌ನ ಆಂಡ್ರಾಯ್ಡ್ ಆಟೋ, ಅದು 2015ರಲ್ಲಿ ಬಂತು. ಆಂಡ್ರಾಯ್ಡ್ 10ರಿಂದ ಈಚೆಗೆ ಇದು ಫೋನಿನೊಳಗೇ ಸೇರಿಕೊಂಡಿರುವುದರಿಂದ ಬೇರೆ ಆ್ಯಪ್ ಹಾಕಿಕೊಳ್ಳುವ ಕೆಲಸ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಕಾರಿನ ಸ್ಕ್ರೀನಿಗೂ ಇವುಗಳ ಪರಿಚಯ ಇರಬೇಕು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಈ ಹೆಸರು ಇದೆಯಾ ಅಂತ ಮೊದಲು ನೋಡಿ. ಬ್ಲೂಟೂತ್ ಇದ್ದ ಮಾತ್ರಕ್ಕೆ ಮ್ಯಾಪ್ ಬರುವುದಿಲ್ಲ. ಬ್ಲೂಟೂತಿನಲ್ಲಿ ಹಾಡು ಬರುತ್ತದೆ, ಕಾಲ್ ಬರುತ್ತದೆ, "ಬಲಕ್ಕೆ ತಿರುಗಿ" ಅನ್ನುವ ದನಿಯೂ ಬರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ.

ನನ್ನದು ಆಂಡ್ರಾಯ್ಡ್ ಫೋನು. ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀ ಆನ್ ಮಾಡಿ, ಕೇಬಲ್ ಚುಚ್ಚಿದೆ. ಚಾರ್ಜಿಂಗ್ ಶುರುವಾಯಿತು, ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ತೆಗೆದು ಮತ್ತೆ ಚುಚ್ಚಿದೆ, ಅದೇ ಕಥೆ. ಪಕ್ಕದಲ್ಲೇ ಇನ್ನೊಂದು ಯುಎಸ್‌ಬಿ ಕಿಂಡಿ ಇತ್ತು. ಟಾರ್ಚ್ ಬಿಟ್ಟು ನೋಡಿದರೆ ಒಂದರ ಪಕ್ಕ ಮಿಂಚಿನ ಗುರುತು, ಇನ್ನೊಂದರ ಪಕ್ಕ ಪುಟ್ಟ ಫೋನಿನ ಚಿತ್ರ. ಮಿಂಚಿನ ಗುರುತಿನದು ಬರೀ ಚಾರ್ಜಿಗೆ. ಫೋನಿನ ಚಿತ್ರ ಇದ್ದದ್ದಕ್ಕೆ ಬದಲಾಯಿಸಿದೆ. ಆಗಲೂ ಇಲ್ಲ.

ತಪ್ಪು ಕೇಬಲ್ಲಿನಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ನಾನು ಸಹಾಯ ಮಾಡಿದ ನಾಲ್ಕೈದು ಜನರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಬರೀ ಚಾರ್ಜಿಗೆಂದು ಮಾಡುವ ಅಗ್ಗದ ಕೇಬಲ್ಲುಗಳಲ್ಲಿ ಡೇಟಾದ ಆ ಎರಡು ತಂತಿ ಇರುವುದೇ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಾನು ಕಂಡುಕೊಂಡ ಪರೀಕ್ಷೆ ಸುಲಭ: ಅದೇ ಕೇಬಲ್ಲಿನಲ್ಲಿ ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೈಲ್ ವರ್ಗಾವಣೆಯ ಆಯ್ಕೆ ಕೊಡಿ. ಫೋನಿನ ಫೋಟೋಗಳು ಲ್ಯಾಪ್‌ಟಾಪಿನಲ್ಲಿ ತೆರೆದರೆ ಡೇಟಾ ಹೋಗುತ್ತಿದೆ ಎಂದರ್ಥ. ಬರೀ ಚಾರ್ಜ್ ಆಗುತ್ತಿದ್ದರೆ ಅದನ್ನು ಕಾರಿನಿಂದ ಆಚೆ ಇಡಿ. ಉದ್ದದ ಮೇಲೂ ಕಣ್ಣಿರಲಿ. ಒಂದು ಮೀಟರಿಗಿಂತ ಕಡಿಮೆ ಇರುವ ಗಟ್ಟಿ ಕೇಬಲ್ಲು ಸಾಕು. ಹಿಂದಿನ ಸೀಟಿನವರಿಗೂ ಎಟುಕಲಿ ಅಂತ ಉದ್ದದ್ದು ತರುವುದು, ನಡುವೆ ಇನ್ನೊಂದು ತುಂಡು ಜೋಡಿಸುವುದು ಬೇಡ.

ಫೋನಿನ ಜೊತೆ ಡಬ್ಬಿಯಲ್ಲಿ ಬಂದಿದ್ದ ಕೇಬಲ್ಲನ್ನು ಬೀರುವಿನಿಂದ ತೆಗೆದು ತಂದು ಚುಚ್ಚಿದೆ. ಫೋನಿನಲ್ಲಿ ಸಾಲಾಗಿ ಅನುಮತಿಗಳನ್ನು ಕೇಳಿತು: ಸ್ಥಳ, ಕಾಂಟ್ಯಾಕ್ಟ್, ಮೆಸೇಜ್, ಮೈಕ್. ಮ್ಯಾಪಿಗೆ ಸ್ಥಳದ ಅನುಮತಿ ಬೇಕೇ ಬೇಕು. ಮಾತಿನಲ್ಲಿ ಹುಡುಕಬೇಕಾದರೆ ಮೈಕ್ ಕೂಡ. ಎಲ್ಲಕ್ಕೂ ಒಪ್ಪಿ ಮುಗಿಸಿದ ಮೇಲೆ ರೇಡಿಯೋ ಪುಟ ಮಾಯವಾಗಿ, ನಾನು ದಿನಾ ಫೋನಿನಲ್ಲಿ ನೋಡುವ ಅದೇ ಗೂಗಲ್ ಮ್ಯಾಪ್ ದೊಡ್ಡದಾಗಿ ತೆರೆದುಕೊಂಡಿತು. ನಡುವೆ ನೀಲಿ ಬಾಣ, ನಮ್ಮ ಮನೆ ಮುಂದಿನ ರಸ್ತೆಗೇ ಮುಖ ಮಾಡಿ ನಿಂತಿತ್ತು. ಅಮ್ಮನನ್ನು ಕರೆದು ತೋರಿಸಿದೆ.

ಅದಾದ ಮೇಲೆ ಕೆಲವು ವಾರ ಒಂದಲ್ಲ ಒಂದು ತೊಂದರೆ. ಅವುಗಳ ಬೆನ್ನು ಹತ್ತಿ ಹೋಗಿ ನಾನು ತಿಳಿದುಕೊಂಡ ಮುಖ್ಯ ಸಂಗತಿ ಒಂದೇ. ಕಾರಿನ ಸ್ಕ್ರೀನ್ ಇಲ್ಲಿ ಬರೀ ಕಿಟಕಿ. ದಾರಿ ಹುಡುಕುವುದು, ಟ್ರಾಫಿಕ್ ತರಿಸಿಕೊಳ್ಳುವುದು, ಚಿತ್ರ ಬರೆಯುವುದು ಎಲ್ಲ ಫೋನೇ. ಫೋನು ಆ ಚಿತ್ರವನ್ನು ವಿಡಿಯೋ ಮಾಡಿ ಕಾರಿಗೆ ಕಳಿಸುತ್ತದೆ. ನಾವು ಸ್ಕ್ರೀನ್ ಮುಟ್ಟಿದರೆ ಎಲ್ಲಿ ಮುಟ್ಟಿದೆವು ಅನ್ನುವ ಸುದ್ದಿ ಕೇಬಲ್ಲಿನಲ್ಲೇ ಫೋನಿಗೆ ವಾಪಸ್ ಹೋಗುತ್ತದೆ. ಇದು ತಲೆಗೆ ಹೋದ ಮೇಲೆ ಏನೇ ಕೆಟ್ಟರೂ ಎಲ್ಲಿ ಹುಡುಕಬೇಕು ಅನ್ನುವ ಗೊಂದಲ ಇಲ್ಲದಾಯಿತು. ಮ್ಯಾಪ್ ಖಾಲಿ ಬಂತಾ, ಫೋನಿನ ಇಂಟರ್‌ನೆಟ್ ನೋಡು. ಬಾಣ ಬೇರೆ ರಸ್ತೆಯಲ್ಲಿ ತೋರಿಸಿತಾ, ಫೋನಿನ ಲೊಕೇಶನ್ ನೋಡು. ನಡುವೆ ಪೂರ್ತಿ ಕಡಿದುಹೋಯಿತಾ, ಕೇಬಲ್ ನೋಡು.

ಹಾಗೆ ಕಡಿದುಹೋಗುವ ಕಾಟ ನನಗೆ ತುಂಬ ಇತ್ತು. ಹಂಪ್ ಹತ್ತಿಳಿದರೆ ಸಾಕು, ಮ್ಯಾಪ್ ಹೋಗಿ ರೇಡಿಯೋ ಬರುತ್ತಿತ್ತು. ಕೇಬಲ್ ಹೊಸದು. ಕಡೆಗೆ ಫೋನಿನ ಚಾರ್ಜಿಂಗ್ ಕಿಂಡಿಯನ್ನೇ ಬೆಳಕಿಗೆ ಹಿಡಿದು ನೋಡಿದೆ. ತಳದಲ್ಲಿ ಬೂದು ಬಣ್ಣದ ಒಂದು ಪದರ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಗೀರಿದೆ. ಜೀನ್ಸ್ ಜೇಬಿನ ನೂಲು, ಧೂಳು ಎಲ್ಲ ಒತ್ತಿಕೊಂಡು ಬಟ್ಟೆಯ ಚೂರಿನ ಹಾಗೆ ಗಟ್ಟಿಯಾಗಿತ್ತು. ಮೂರು ಸಲ ಗೀರಿದಾಗ ಉಂಡೆಯಾಗಿ ಹೊರಗೆ ಬಂತು. ಆಮೇಲೆ ಕೇಬಲ್ ಚುಚ್ಚಿದರೆ "ಟಕ್" ಅಂತ ಕೂತಿತು. ಅಲ್ಲಿಯವರೆಗೆ ಆ ಸದ್ದು ಬರುತ್ತಿರಲಿಲ್ಲ ಅನ್ನುವುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಚಾರ್ಜಿಂಗ್ ಕ್ಷಣ ತಪ್ಪಿ ಮತ್ತೆ ಹತ್ತಿಕೊಂಡರೆ ನಮಗೆ ತಿಳಿಯುವುದಿಲ್ಲ. ಡೇಟಾ ಹಾಗಲ್ಲ. ಒಮ್ಮೆ ತಪ್ಪಿದರೆ ಕಾರು, ಫೋನು ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕು. ಕಡ್ಡಿ ಮರದ್ದೇ ಇರಲಿ, ಪಿನ್ನು ಸೂಜಿ ಹಾಕಬೇಡಿ, ಒಳಗಿನ ತಾಮ್ರದ ಸಂಪರ್ಕಗಳು ಹಾಳಾಗುತ್ತವೆ.

ದನಿಯ ವಿಷಯ ಚಿಕ್ಕದು, ಆದರೆ ತಲೆ ತಿನ್ನುತ್ತದೆ. ಹಾಡು ಜೋರಾಗಿ ಬರುತ್ತಿರುತ್ತದೆ, ದಾರಿ ಹೇಳುವ ದನಿ ಮಾತ್ರ ಪಿಸುಗುಟ್ಟುತ್ತದೆ. ಹೆಚ್ಚಿನ ಕಾರುಗಳಲ್ಲಿ ಇವೆರಡಕ್ಕೂ ವಾಲ್ಯೂಮ್ ಬೇರೆ ಬೇರೆ ಇರುತ್ತದೆ. ಆ ದನಿ ಮಾತಾಡುತ್ತಿರುವಾಗಲೇ ವಾಲ್ಯೂಮ್ ತಿರುಗಿಸಿದರೆ ಅದರದ್ದೊಂದೇ ಏರುತ್ತದೆ. ಸುಮ್ಮನಿದ್ದಾಗ ತಿರುಗಿಸಿದರೆ ಏರುವುದು ಹಾಡಿನದು. ಮ್ಯಾಪಿನ ಸೆಟ್ಟಿಂಗ್ಸ್‌ನಲ್ಲಿ ದನಿಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡ ಮೇಲೆ ಅಮ್ಮನೂ ಕಿವಿಗೊಟ್ಟು ಕೇಳುತ್ತಾಳೆ. ನಾನು ತಿರುವು ತಪ್ಪಿಸಿದರೆ ಮ್ಯಾಪಿಗಿಂತ ಮೊದಲು ಅವಳೇ ಹೇಳುತ್ತಾಳೆ.

ಇನ್ನು ವೈರ್‌ಲೆಸ್. ನಮ್ಮ ಕಾರಿಗೆ ಅದು ಇರಲಿಲ್ಲ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್ ತಂದೆ. ಕೇಬಲ್ಲಿನಲ್ಲಿ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಬರುವ ಕಾರಿನಲ್ಲಿ ಮಾತ್ರ ಇಂಥದ್ದು ಕೆಲಸ ಮಾಡುತ್ತದೆ. ಇಲ್ಲಿ ಬ್ಲೂಟೂತಿನ ಕೆಲಸ ಮುಖ್ಯವಾಗಿ ಗುರುತು ಹಿಡಿಯುವುದು. ಚಿತ್ರ ಹೋಗುವುದು ವೈಫೈಯಲ್ಲಿ. ಆದ್ದರಿಂದ ಫೋನಿನಲ್ಲಿ ಎರಡೂ ಆನ್ ಇರಬೇಕು. ಫೋನಿನಲ್ಲಿ ವಿಪಿಎನ್ (ಇಂಟರ್‌ನೆಟ್ ಸಂಪರ್ಕವನ್ನು ಬೇರೊಂದು ಸುರಕ್ಷಿತ ದಾರಿಯಲ್ಲಿ ಕಳಿಸುವ ವ್ಯವಸ್ಥೆ) ಓಡುತ್ತಿದ್ದರೆ ಒಮ್ಮೆ ಆಫ್ ಮಾಡಿ ನೋಡಿ, ನನ್ನ ಕಚೇರಿಯ ವಿಪಿಎನ್ ಆನ್ ಇದ್ದ ದಿನ ಅಡಾಪ್ಟರ್ ಒಮ್ಮೆಯೂ ಸಂಪರ್ಕಕ್ಕೆ ಬರಲಿಲ್ಲ. ಕಾರು ಹತ್ತಿ ಕೂತ ಕೂಡಲೇ, ಫೋನ್ ಚೀಲದಲ್ಲಿದ್ದಾಗಲೇ ಮ್ಯಾಪ್ ಬರುವುದು ನಿಜಕ್ಕೂ ಹಿತ. ಆದರೆ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಬಿಸಿಲಿನಲ್ಲಿ ವೈರ್‌ಲೆಸ್ ಚಾರ್ಜರಿನ ಮೇಲೂ ಇಟ್ಟರೆ ಮುಟ್ಟಲಾಗದಷ್ಟು ಕಾಯುತ್ತದೆ. ಹತ್ತಿಪ್ಪತ್ತು ನಿಮಿಷದ ಓಡಾಟಕ್ಕೆ ಅಡಾಪ್ಟರ್, ದೂರದ ಪ್ರಯಾಣಕ್ಕೆ ಕೇಬಲ್ ಅಂತ ಮಾಡಿಕೊಂಡಿದ್ದೇನೆ.

ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈಯಲ್ಲೇ ಹೋಗುವ ದಾರಿಯ ಪ್ರದೇಶವನ್ನೆಲ್ಲ ಆಫ್‌ಲೈನ್ ಮ್ಯಾಪ್ ಆಗಿ ಇಳಿಸಿಕೊಳ್ಳುತ್ತೇನೆ. ನೆಟ್‌ವರ್ಕ್ ಇಲ್ಲದ ಕಡೆ ಟ್ರಾಫಿಕ್ ಗೊತ್ತಾಗುವುದಿಲ್ಲ, ಆದರೆ ದಾರಿ ಕೈಕೊಡುವುದಿಲ್ಲ. ನಡುವೆ ನಿಲ್ಲಬೇಕಾದ ಜಾಗಗಳನ್ನೂ ಆಗಲೇ ಸೇರಿಸಿಡುತ್ತೇನೆ. ಕಾರು ಓಡುತ್ತಿರುವಾಗ ಸ್ಕ್ರೀನಿನಲ್ಲಿ ಟೈಪ್ ಮಾಡಲು ಬಿಡುವುದಿಲ್ಲ, ಬಿಡಲೂಬಾರದು. ಹೊರಗಿನಿಂದ ಹಾಕಿಸಿದ ಸ್ಕ್ರೀನುಗಳಲ್ಲಿ ಕಾರು ನಿಂತಿದೆಯೋ ಇಲ್ಲವೋ ಅಂತ ತಿಳಿಯಲು ಹ್ಯಾಂಡ್ ಬ್ರೇಕಿಗೆ ಹೋಗಬೇಕಾದ ತಂತಿಯನ್ನು ಬೇರೆಲ್ಲೋ ಕಟ್ಟಿ ಈ ತಡೆಯನ್ನು ತಪ್ಪಿಸಿಕೊಡುವವರಿದ್ದಾರೆ. ದಯವಿಟ್ಟು ಮಾಡಿಸಬೇಡಿ. ಲಾರಿಯ ಆ ಬ್ರೇಕ್ ದೀಪ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಎಲ್ಲ ತಪ್ಪೂ ಫೋನಿನದು ಇಲ್ಲವೇ ಕೇಬಲ್ಲಿನದು ಅಂತ ನಂಬಿಕೊಂಡಿದ್ದ ನನಗೆ ಒಂದು ಸಲ ಸರಿಯಾದ ಪಾಠವೇ ಆಯಿತು. ಕಾರಿನ ಬ್ಯಾಟರಿ ಸತ್ತು ಹೊಸದು ಹಾಕಿಸಿದ್ದೆವು. ಮರುದಿನ ಕೇಬಲ್ ಚುಚ್ಚಿದರೆ ಚಾರ್ಜ್ ಆಗುತ್ತಿದೆ, ಬ್ಲೂಟೂತಿನಲ್ಲಿ ಕಾಲ್ ಬರುತ್ತಿದೆ, ಹಾಡು ಬರುತ್ತಿದೆ, ಮ್ಯಾಪ್ ಮಾತ್ರ ಇಲ್ಲ. ಸಂಪರ್ಕದಲ್ಲಿ ದೋಷ ಅಂತ ಫೋನು ಹೇಳುತ್ತಿತ್ತು. ಮೂರು ಕೇಬಲ್ ಬದಲಾಯಿಸಿದೆ. ಕಿಂಡಿ ಮತ್ತೆ ಗೀರಿದೆ. ಫೋನಿನಲ್ಲಿ ಕಾರಿನ ಹೆಸರನ್ನು, ಕಾರಿನಲ್ಲಿ ಫೋನಿನ ಹೆಸರನ್ನು ಅಳಿಸಿ ಮತ್ತೆ ಜೋಡಿಸಿದೆ. ಎರಡು ದಿನ ಹೋಯಿತು. ಮೂರನೆಯ ದಿನ ಅಮ್ಮ ಕಾರಿನಲ್ಲಿ ಕೂತವಳು, "ಇದೇನು, ಗಡಿಯಾರ ಹನ್ನೆರಡೂ ಹತ್ತು ತೋರಿಸ್ತಿದೆ, ಈಗಿನ್ನೂ ಬೆಳಿಗ್ಗೆ ಎಂಟು" ಅಂದಳು. ಸೆಟ್ಟಿಂಗ್ಸ್‌ಗೆ ಹೋಗಿ ನೋಡಿದರೆ ಗಂಟೆಯಷ್ಟೇ ಅಲ್ಲ, ತಾರೀಖೂ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಬ್ಯಾಟರಿ ತೆಗೆದಾಗ ಕಾರಿನ ಗಡಿಯಾರ ಮೊದಲಿಗೆ ಮರಳಿದೆ.

ಫೋನು, ಕಾರು ಒಂದನ್ನೊಂದು ನಂಬುವುದಕ್ಕೆ ಡಿಜಿಟಲ್ ಪ್ರಮಾಣಪತ್ರಗಳನ್ನು ತೋರಿಸಿಕೊಳ್ಳುತ್ತವೆ. ಆ ಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಾರಿನ ತಾರೀಖಿನ ಪ್ರಕಾರ ಫೋನಿನ ಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಹಾಡಿಗೆ, ಕಾಲಿಗೆ ಈ ಪತ್ರದ ಪರೀಕ್ಷೆ ಇಲ್ಲದ್ದರಿಂದ ಅವು ಸರಾಗವಾಗಿ ಬರುತ್ತಿದ್ದವು. ತಾರೀಖು, ಗಂಟೆ ಎರಡನ್ನೂ ಸರಿ ಮಾಡಿ ಕೇಬಲ್ ಚುಚ್ಚಿದೆ. ಏನೂ ಆಗದ ಹಾಗೆ ಮ್ಯಾಪ್ ಬಂತು.

ಹೋದ ತಿಂಗಳು ಭಾವ ಒಂದು ದಿನಕ್ಕೆ ಕಾರು ತೆಗೆದುಕೊಂಡು ಹೋಗಿದ್ದರು. ದಾರಿಯಲ್ಲಿ ನಿಲ್ಲಿಸಿ ಫೋನ್ ಮಾಡಿದರು. "ನಿನ್ನ ಕಾರಲ್ಲಿ ಮ್ಯಾಪೇ ಬರ್ತಿಲ್ವಲ್ಲಮ್ಮ?"

"ಭಾವ, ಮ್ಯಾಪ್ ಇರೋದು ಕಾರಲ್ಲಲ್ಲ, ನನ್ನ ಫೋನಲ್ಲಿ. ಅದು ನನ್ನ ಹತ್ರಾನೇ ಇದೆ. ನಿಮ್ಮದು ಐಫೋನ್ ಅಲ್ವಾ, ಅದರಲ್ಲಿ ಮಾತಿಗೆ ಉತ್ತರ ಕೊಡೋ ಸಿರಿ ಇದೆಯಲ್ಲ, ಅದನ್ನ ಆನ್ ಮಾಡಿಕೊಳ್ಳಿ, ಫೋನ್ ಅನ್‌ಲಾಕ್ ಮಾಡಿ, ನಿಮ್ಮ ಕೇಬಲ್ಲನ್ನ ಫೋನಿನ ಚಿತ್ರ ಇರೋ ಕಿಂಡಿಗೆ ಹಾಕಿ."

ಒಂದು ನಿಮಿಷ ಸುಮ್ಮನಿದ್ದು, "ಬಂತು, ಬಂತು" ಅಂದರು.

ಕಾರು ವಾಪಸ್ ಬಂದ ಮೇಲೆ ನೋಡಿದೆ. ಕೇಬಲ್ ತೆಗೆದ ಕ್ಷಣವೇ ಅವರ ಮ್ಯಾಪ್ ಸ್ಕ್ರೀನಿನಿಂದ ಹೋಗಿದೆ. ಆದರೆ ಬೆಳಿಗ್ಗೆ ಅವರು ಕಾಲ್‌ಗೆಂದು ಬ್ಲೂಟೂತ್ ಜೋಡಿಸಿದಾಗ ಕಾರು ತನ್ನೊಳಗೆ ಇಳಿಸಿಕೊಂಡಿದ್ದ ಕಾಂಟ್ಯಾಕ್ಟ್ ಪಟ್ಟಿ, ಫೋನಿನ ಹೆಸರು ಎರಡೂ ಹಾಗೇ ಉಳಿದಿದ್ದವು. ಬ್ಲೂಟೂತ್ ಸೆಟ್ಟಿಂಗ್ಸ್‌ಗೆ ಹೋಗಿ ಭಾವನ ಫೋನನ್ನು ಪಟ್ಟಿಯಿಂದ ಅಳಿಸಿದೆ. ಬಾಡಿಗೆ ಕಾರು ವಾಪಸ್ ಕೊಡುವಾಗ, ಸ್ವಂತ ಕಾರು ಮಾರುವಾಗ ಇದೊಂದನ್ನು ಮರೆಯಬೇಡಿ.