ಗೀಸರಿಗೆ ಟೈಮರ್ ಹಾಕಿಸುವ ಮುಂಚೆ

ನಮ್ಮ ಮನೆಯಲ್ಲಿ ಗೀಸರಿಗೆ ಟೈಮರ್ ಬಂದದ್ದು ಒಂದು ಜಗಳದಿಂದ. ಮೈಸೂರಿನಿಂದ ಬೆಂಗಳೂರಿಗೆ, ಮಗಳ ಮನೆಗೆ ಹೊರಟಿದ್ದೆವು. ಬಸ್ಸು ಮಂಡ್ಯ ದಾಟಿದ ಮೇಲೆ ನಮ್ಮ ಯಜಮಾನರು ಮೆಲ್ಲಗೆ "ಗೀಸರ್ ಆಫ್ ಮಾಡಿದ್ಯಾ?" ಅಂದರು. ಅವರು ಮಾಡಿರುತ್ತಾರೆ ಅಂತ ನಾನು, ನಾನು ಮಾಡಿರುತ್ತೇನೆ ಅಂತ ಅವರು. ನಾಲ್ಕು ದಿನ ಮೊಮ್ಮಗುವಿನ ಜೊತೆ ಇದ್ದರೂ ತಲೆಯಲ್ಲಿ ಅದೇ. ವಾಪಸ್ ಬಂದು ನೋಡಿದರೆ ಕೆಂಪು ದೀಪ ಉರಿಯುತ್ತಲೇ ಇತ್ತು. ಅನಾಹುತ ಏನೂ ಆಗಿರಲಿಲ್ಲ. ಒಳಗೆ ಥರ್ಮೋಸ್ಟಾಟ್ ಇರುತ್ತದಲ್ಲ, ನೀರು ಕಾದರೆ ನಿಲ್ಲಿಸಿ, ಆರಿದರೆ ಮತ್ತೆ ಹಚ್ಚಿ, ಹೀಗೆ ಯಾರೂ ಇಲ್ಲದ ಮನೆಗೆ ನಾಲ್ಕು ದಿನ ಬಿಸಿನೀರು ಸಿದ್ಧ ಮಾಡಿ ಇಟ್ಟಿತ್ತು. ನಮ್ಮಜ್ಜಿ ಮನೆಯ ಹಂಡೆ ಒಲೆಗೆ ಈ ಕಾಟ ಇರಲಿಲ್ಲ, ಸೌದೆ ಮುಗಿದರೆ ಒಲೆ ತಾನೇ ಆರುತ್ತಿತ್ತು.

ಆ ವಾರವೇ ಯಜಮಾನರು ಒಂದು ಟೈಮರ್ ತಂದರು. ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ದುಂಡು ಮುಖ, ಸುತ್ತ 96 ಪುಟ್ಟ ಹಲ್ಲು, ಒಂದೊಂದು ಹಲ್ಲಿಗೆ 15 ನಿಮಿಷದ ಲೆಕ್ಕ. ಬೇಕಾದ ಹೊತ್ತಿನ ಹಲ್ಲನ್ನು ಒತ್ತಿಬಿಟ್ಟರೆ ಆಯಿತು. ಗೀಸರಿನ ದಪ್ಪ ಪಿನ್ನು ಅದರಲ್ಲಿ ಕೂರಲಿಲ್ಲ, ಅದಕ್ಕೆ ನಡುವೆ ಒಂದು ಕನ್ವರ್ಷನ್ ಪ್ಲಗ್ ಬೇರೆ ಹಾಕಿದರು. ಅಲ್ಲೇ ನಾವು ನಿಲ್ಲಿಸಬೇಕಿತ್ತು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಕಿತ್ತು ನೋಡಿದರೆ ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿಯೂ ಇತ್ತು. ಕನ್ನಡಕ ಹಾಕಿಕೊಂಡು ಟೈಮರಿನ ಬೆನ್ನು ಓದಿದೆ, 10 ಆಂಪ್ಸ್ ಅಂತಿತ್ತು.

ಲೆಕ್ಕ ಕಷ್ಟದ್ದೇನಲ್ಲ. ಗೀಸರಿನ ಮೈಮೇಲೆ ವ್ಯಾಟ್ ಬರೆದಿರುತ್ತದೆ, ಅದನ್ನು 230ರಿಂದ ಭಾಗಿಸಿ. ನಮ್ಮದು 2000 ವ್ಯಾಟ್, ಅಂದರೆ 8.7 ಆಂಪ್ಸ್. "ಹತ್ತರೊಳಗೇ ಇದೆಯಲ್ಲ" ಅಂತ ಯಜಮಾನರು ವಾದ ಮಾಡಿದರು. ಅದು ನಿಜ, ಆದರೆ ಫೋನ್ ಚಾರ್ಜರ್ ಥರ ಅಲ್ಲ ಇದು, ದಿನಾ ಅರ್ಧ ಗಂಟೆ ಒಂದೇ ಸಮನೆ ಪೂರ್ತಿ ಕರೆಂಟ್ ಎಳೆಯುತ್ತದೆ, ಎಲ್ಲಿ ಸ್ವಲ್ಪ ಸಡಿಲ ಇರುತ್ತದೋ ಅಲ್ಲಿ ಕಾಯುತ್ತದೆ, ಕಾದಷ್ಟೂ ಇನ್ನೂ ಸಡಿಲವಾಗುತ್ತದೆ. 3000 ವ್ಯಾಟಿನದ್ದಾದರೆ 13 ಆಂಪ್ಸ್, ಅದನ್ನಂತೂ 10 ಆಂಪ್ಸಿನ ಟೈಮರಿಗೆ ಮುಟ್ಟಿಸಲೇಬೇಡಿ. 16 ಆಂಪ್ಸಿಗಿಂತ ಕಡಿಮೆಯದ್ದು ಗೀಸರಿಗೆ ಬೇಡ, ಕನ್ವರ್ಷನ್ ಪ್ಲಗ್ ಅಂತೂ ಯಾವ ಕಾರಣಕ್ಕೂ ಬೇಡ.

ಆಮೇಲೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ಹುಡುಗ ಅಂದರೆ ಈಗ ಅವನಿಗೇ ನಲವತ್ತಾಗಿದೆ. "ಅಮ್ಮಾ, ಇದನ್ನ ಬಾತ್‌ರೂಮ್ ಹತ್ರ ಹಾಕೋದೇ ಬೇಡ, ಮೇನ್ ಬೋರ್ಡಲ್ಲಿ ಕೂರಿಸ್ತೀನಿ" ಅಂದ. ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಸಾಲಿನಲ್ಲೇ ಕೂರುವ ಡಿಜಿಟಲ್ ಟೈಮರ್, ಪಕ್ಕದಲ್ಲಿ ಒಂದು ಕಾಂಟ್ಯಾಕ್ಟರ್. ಟೈಮರ್ ಬರೀ ಹೊತ್ತು ಹೇಳುತ್ತದೆ, ಗೀಸರಿನ ಭಾರವನ್ನು ಹೊರುವುದು ಕಾಂಟ್ಯಾಕ್ಟರ್. ಎರಡು ಪೋಲಿನ ಕಾಂಟ್ಯಾಕ್ಟರ್ ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುತ್ತದೆ, ನನಗೆ ಹಿಡಿಸಿದ್ದು ಅದೇ. ಒಂದೇ ಒಂದು ತಕರಾರು, ಅದು ಹತ್ತಿಕೊಳ್ಳುವಾಗ ಟಕ್ ಅಂತ ಜೋರಾಗಿ ಸದ್ದು ಮಾಡುತ್ತದೆ. ನಮ್ಮ ಬೋರ್ಡು ಇರುವುದು ಮಲಗುವ ಕೋಣೆಯ ಗೋಡೆಗೆ, ಹಾಗಾಗಿ ಐದೂವರೆಗೆ ಅಲಾರಂ ಇಡುವ ಕೆಲಸ ತಪ್ಪಿತು.

ಹಲ್ಲಿನ ಟೈಮರಿಗೆ ಇನ್ನೊಂದು ದೋಷ ಇದೆ, ಅಂಗಡಿಯವರು ಯಾರೂ ಹೇಳುವುದಿಲ್ಲ. ಅದರ ಗಡಿಯಾರ ತಿರುಗುವುದೇ ಮನೆಯ ಕರೆಂಟಿನಿಂದ. ರಾತ್ರಿ ಎರಡು ಗಂಟೆ ಕರೆಂಟ್ ಹೋದರೆ ಟೈಮರ್ ಎರಡು ಗಂಟೆ ಹಿಂದೆ ಬೀಳುತ್ತದೆ. ನೀವು ಆರಕ್ಕೆ ತಣ್ಣೀರು ಸುರಿದುಕೊಂಡು ಆಫೀಸಿಗೆ ಹೋದ ಮೇಲೆ ಎಂಟಕ್ಕೆ ನೀರು ಕಾಯುತ್ತದೆ! ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಬರುವುದು ಮಾಮೂಲು, ಅದಕ್ಕೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರೇ ಸರಿ. ಮಕ್ಕಳು ವೈಫೈ ಪ್ಲಗ್ ತಂದುಕೊಟ್ಟಿದ್ದರೆ ಅದೂ 16 ಆಂಪ್ಸಿನದ್ದೇ ಅಂತ ನೋಡಿ, ಆಮೇಲೆ ಕರೆಂಟ್ ಹೋಗಿ ಬಂದಾಗ ಅದು ಆಫ್ ಆಗಿ ನಿಲ್ಲುತ್ತದೋ ಆನ್ ಆಗಿಬಿಡುತ್ತದೋ ಅಂತ ಒಮ್ಮೆ ನೀವೇ ಮೇನ್ ಆಫ್ ಮಾಡಿ, ಹಾಕಿ ಪರೀಕ್ಷೆ ಮಾಡಿ. ಕೆಲವು ಸುಮ್ನೆ ಆನ್ ಆಗಿಬಿಡುತ್ತವೆ, ಅದನ್ನು ಆ್ಯಪಿನಲ್ಲಿ ಬದಲಾಯಿಸಬೇಕು.

ಎಷ್ಟು ಹೊತ್ತು ಇಡಬೇಕು? 25 ಲೀಟರಿನ, 2000 ವ್ಯಾಟಿನ ಗೀಸರಿನಲ್ಲಿ 25 ಡಿಗ್ರಿಯ ನೀರು 60 ಡಿಗ್ರಿಗೆ ಬರಲು ಸುಮಾರು ಅರ್ಧ ಗಂಟೆ, ಒಂದು ಯೂನಿಟ್. 15 ಲೀಟರಿನದ್ದಕ್ಕೆ ಇಪ್ಪತ್ತು ನಿಮಿಷ ಸಾಕು. ಡಿಸೆಂಬರಿನಲ್ಲಿ ಮೇಲಿನ ಟ್ಯಾಂಕಿನ ನೀರೇ ಕೊರೆಯುತ್ತಿರುತ್ತದೆ, ಆಗ ಹತ್ತು ನಿಮಿಷ ಜಾಸ್ತಿ ಕೊಡಿ. ಒಂದು ಸಲ ಕಾದ 25 ಲೀಟರಿಗೆ ತಣ್ಣೀರು ಬೆರೆಸಿದರೆ ಮೂರು ಬಕೆಟ್ ಹದವಾದ ನೀರು ಬರುತ್ತದೆ, ಇಬ್ಬರಿಗೆ ಧಾರಾಳ. ಮನೆಯಲ್ಲಿ ನಾಲ್ಕು ಜನ ಇದ್ದರೆ ಮಧ್ಯೆ ಬಿಡುವು ಕೊಟ್ಟು ಎರಡು ಹೊತ್ತು ಇಡಿ. ನಾನು ಐದೂವರೆಯಿಂದ ಆರು ಅಂತ ಇಟ್ಟಿದ್ದೇನೆ, ಆರೂಕಾಲಿಗೆ ಸ್ನಾನ. ನಾವು ಬಚ್ಚಲಿಗೆ ಕಾಲಿಡುವ ಮುಂಚೆಯೇ ಗೀಸರ್ ಆಫ್ ಆಗಿರಬೇಕು ಅನ್ನುವುದು ನನ್ನ ಹಟ. ಹಾಗಂತ ಅರ್ಥ್ ವೈರ್ ಮತ್ತು 30 ಮಿಲಿ ಆಂಪ್ಸಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕತ್ತರಿಸುವ ಸ್ವಿಚ್ಚು) ಇಲ್ಲದೆ ಟೈಮರನ್ನೇ ನಂಬಿಕೊಂಡು ಕೂರಬೇಡಿ, ಹಳೆ ಮನೆಗಳಲ್ಲಿ ಮೊದಲು ಅದನ್ನು ನೋಡಿಸಿ.

ತಿಂಗಳಿಗೆ ಎಷ್ಟು ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ನೀವು ಮೊದಲಿಂದಲೂ ಸ್ನಾನಕ್ಕೆ ಮುಂಚೆ ಹಾಕಿ, ಆದ ಮೇಲೆ ಆಫ್ ಮಾಡುವವರಾದರೆ ಏನೂ ಉಳಿಯುವುದಿಲ್ಲ. ಅಷ್ಟೇ ನೀರು ಅಷ್ಟೇ ಬಿಸಿಯಾಗಲು ಅಷ್ಟೇ ಕರೆಂಟ್ ಬೇಕು, ಅದನ್ನು ಯಾವ ಟೈಮರೂ ಕಡಿಮೆ ಮಾಡಲಾರದು. ಉಳಿಯುವುದು ದಿನವಿಡೀ ಹಾಕಿ ಬಿಡುವವರಿಗೆ, ಅಂದರೆ ಟ್ಯಾಂಕಿನ ಮೈಯಿಂದ ಆರಿಹೋಗುವ ಬಿಸಿಯ ಲೆಕ್ಕದಲ್ಲಿ. ಆದರೆ ಗೃಹಜ್ಯೋತಿ ಬಂದ ಮೇಲೆ ಒಂದು ಮಾತು ಇದೆ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು, ಹಾಗಾಗಿ 200ರ ಅಂಚಿನಲ್ಲಿ ಇರುವವರಿಗೆ ಗೀಸರ್ ಮರೆತ ನಾಲ್ಕು ದಿನವೂ ದುಬಾರಿಯೇ.

ನಿಜವಾಗಿ ದುಡ್ಡು ಉಳಿಯುವುದು ಮಹಡಿ ಮೇಲೆ ಸೋಲಾರ್ ಇರುವವರಿಗೆ. ಟ್ಯಾಂಕಿನಲ್ಲಿ ಮೋಡದ ದಿನಕ್ಕೆ ಅಂತ ಒಂದು ಕರೆಂಟಿನ ಕಾಯಿಲ್ ಇರುತ್ತದೆ. ನಮ್ಮ ಪಕ್ಕದ ಮನೆಯವರು ಆಷಾಢದಲ್ಲಿ ಒಮ್ಮೆ ಅದರ ಸ್ವಿಚ್ ಹಾಕಿದವರು ದಸರಾವರೆಗೂ ತೆಗೆಯಲಿಲ್ಲ! 200 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಆರು ಯೂನಿಟ್ ಹತ್ತಿರ ಬೇಕು. ರಾತ್ರಿಯೆಲ್ಲ ಕರೆಂಟೇ ನೀರು ಕಾಯಿಸಿ ಇಟ್ಟರೆ ಬೆಳಿಗ್ಗೆ ಬರುವ ಸೂರ್ಯನಿಗೆ ಮಾಡಲು ಏನು ಉಳಿಯಿತು ಹೇಳಿ. ಆ ಕಾಯಿಲಿಗೆ ಬೆಳಗಿನ ಜಾವ ನಾಲ್ಕರಿಂದ ಐದೂವರೆ ಅಂತ ಟೈಮರ್ ಇಡಿ, ಬಿಸಿಲು ಬಂದ ದಿನಗಳಲ್ಲಿ ಎಂಸಿಬಿಯನ್ನೇ ಇಳಿಸಿ.

ಗೋಡೆಗೆ ನೇತು ಹಾಕುವ, ಒಂದೋ ಮೂರೋ ಲೀಟರಿನ ಇನ್‌ಸ್ಟಂಟ್ ಗೀಸರಿಗೆ ಟೈಮರ್ ದಂಡ, ಅದು ಹಾಕಿದ ಸ್ವಲ್ಪ ಹೊತ್ತಿಗೇ ಕಾಯುತ್ತದೆ. ಬಕೆಟ್ಟಿಗೆ ಇಳಿಬಿಡುವ ಕಾಯಿಲಿಗಂತೂ ಹಾಕಲೇಬಾರದು. ಬಕೆಟ್ಟಿನಲ್ಲಿ ನೀರಿಲ್ಲದಾಗ ತಾನೇ ಹತ್ತಿಕೊಂಡರೆ ಸುಟ್ಟುಹೋಗುತ್ತದೆ, ಗೊತ್ತಿಲ್ಲದೆ ಯಾರಾದರೂ ನೀರಿಗೆ ಕೈ ಹಾಕಿದರೆ ಇನ್ನೂ ಕೆಟ್ಟದ್ದು. ಅದೇ ರೀತಿ ಪ್ಲಂಬರ್ ಬಂದು ಗೀಸರ್ ಖಾಲಿ ಮಾಡಿದ ದಿನ ಎಂಸಿಬಿ ಇಳಿಸುವುದನ್ನು ಮರೆಯಬೇಡಿ. ಟೈಮರಿಗೆ ಟ್ಯಾಂಕ್ ಖಾಲಿ ಅನ್ನುವುದು ತಿಳಿಯುವುದಿಲ್ಲ, ಹೊತ್ತಾದರೆ ಹತ್ತಿಸಿಬಿಡುತ್ತದೆ. ಊರಿಗೆ ಹೋಗುವಾಗಲೂ ಅಷ್ಟೇ, ಇಲ್ಲದಿದ್ದರೆ ದಿನಾ ಬೆಳಿಗ್ಗೆ ನಿಷ್ಠೆಯಿಂದ ನೀರು ಕಾಯಿಸುತ್ತಿರುತ್ತದೆ.

ಟೈಮರಿನಲ್ಲಿ ಕೈಯಿಂದಲೇ ಹಾಕುವ ಬಟನ್ ಇರಲಿ, ಅದನ್ನು ಒತ್ತುವುದು ಹೇಗೆ ಅಂತ ಮನೆಯವರೆಲ್ಲ ಕಲಿತಿರಲಿ. ನಾವು ಕಲಿತದ್ದು ನರಕ ಚತುರ್ದಶಿಯ ದಿನ. ನೀರು ತುಂಬುವ ಹಬ್ಬಕ್ಕೆ ಎಲ್ಲ ತೊಳೆದು ತುಂಬಿಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತರೆ ನೀರು ತಣ್ಣಗಿದೆ, ಟೈಮರ್ ಇನ್ನೂ ಐದೂವರೆಗೆ ಕಾಯುತ್ತಿದೆ. ಯಜಮಾನರು ಎಣ್ಣೆ ಕೈಯಲ್ಲೇ ಬೋರ್ಡ್ ಮುಟ್ಟಲು ಹೋದರು, ಬೈದು ಕೂರಿಸಿದೆ.

ಟೈಮರಿನಿಂದ ನನಗೆ ಗೊತ್ತಾದ ಇನ್ನೊಂದು ಸಂಗತಿ ಗೀಸರಿನ ಆರೋಗ್ಯ. ಮೊದಲೆಲ್ಲ ನೀರು ಕಾಯುವವರೆಗೂ ಹಾಕಿ ಬಿಡುತ್ತಿದ್ದೆವು, ಎಷ್ಟು ಹೊತ್ತು ಹಿಡಿಯಿತು ಅಂತ ಯಾರು ನೋಡುತ್ತಿದ್ದರು. ಈಗ ಅದೇ ಅರ್ಧ ಗಂಟೆ. ಹೋದ ವರ್ಷ ಆ ಅರ್ಧ ಗಂಟೆಗೆ ನೀರು ಬರೀ ಉಗುರುಬೆಚ್ಚಗೆ ಬರತೊಡಗಿತು. ನಮ್ಮದು ಬೋರ್‌ವೆಲ್ ನೀರು. ಸರ್ವೀಸಿನವನು ಬಿಚ್ಚಿದಾಗ ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಪೊರೆ ಕಟ್ಟಿತ್ತು, ತಳದಲ್ಲಿ ಒಂದು ಲೋಟದಷ್ಟು ಚಕ್ಕೆ. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಜೊತೆಗಿರುವ ಮೆಗ್ನೀಷಿಯಂ ಕಡ್ಡಿಯೂ ಸವೆದು ತಂತಿಯಾಗಿತ್ತು, ಅದನ್ನೂ ಬದಲಾಯಿಸಿದ. ಮಾರನೆ ದಿನ ಆರೂಕಾಲಿಗೆ ಯಜಮಾನರು ಬಚ್ಚಲಿನಿಂದ "ಏನೇ ಇದು, ಮೈ ಸುಡ್ತಿದೆ" ಅಂತ ಕೂಗಿದರು.