ಕೊಟ್ಟಿಗೆಯುಳ್ಳ ಮನೆ: ಸಾಕುಪ್ರಾಣಿಗಳೊಂದಿಗೆ ಬಾಳಲು ಕಲಿಯುವ ಬಗೆ

ಹಿತ್ತಲಿನಲ್ಲಿ ನಾಲ್ಕು ಕೋಳಿ, ಎರಡು ಮೇಕೆ ಸಾಕಿಕೊಂಡು ಬದುಕಬೇಕೆಂದು ಹೊರಡುವವರು ಮೊದಲು ಕೇಳುವುದು ಎಷ್ಟು ಹಾಲು, ಎಷ್ಟು ಮೊಟ್ಟೆ ಸಿಗುತ್ತದೆ ಎಂದು. ಆ ಲೆಕ್ಕ ಬೇಕಾದದ್ದೇ. ಆದರೆ ಮೇವು, ಔಷಧಿ ಮತ್ತು ನಮ್ಮ ದುಡಿಮೆಯ ಗಂಟೆಗಳನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ಚಿಕ್ಕ ಹಿಂಡಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಹಾಗಿದ್ದೂ ವರ್ಷಗಟ್ಟಲೆ ಈ ಕೆಲಸ ಬಿಡದವರಿಗೆ ದಕ್ಕುವ ಗಳಿಕೆಯೇ ಬೇರೆ: ಮಾತು ಬಾರದ ಜೀವವನ್ನು ನೋಡಿಯೇ ಅರಿಯುವ ಕಣ್ಣು. ಅದು ಮೂಡುವಂತೆ ದಿನಚರಿಯನ್ನು ಹೊಂದಿಸಿಕೊಳ್ಳುವುದು ಹೇಗೆಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಒಂದೊಂದನ್ನೂ ಗುರುತಿಸಲಾಗುವಷ್ಟು ಪ್ರಾಣಿಗಳಿಂದ ಆರಂಭಿಸಿ. ಐದಾರು ಹೇಂಟೆಗಳಾದರೆ ಯಾವುದು ಅಂಜುಬುರುಕಿ, ಯಾವುದು ಜಗಳಗಂಟಿ ಎಂಬುದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಮೇಕೆ ಹಿಂಡಿನ ಪ್ರಾಣಿಯಾದ್ದರಿಂದ ಒಂದನ್ನೇ ತರಬಾರದು. ಒಂಟಿಯಾದರೆ ಅದು ಕಂಗೆಟ್ಟು ಅರಚುತ್ತಲೇ ಇರುತ್ತದೆ. ಹಸುವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಹಾಲು ಕೊಡುವ ಹಸು ದಿನಕ್ಕೆ ಎರಡು ಬಾರಿ ನಿಮ್ಮನ್ನು ಕೊಟ್ಟಿಗೆಗೆ ಕರೆಸಿಕೊಳ್ಳುತ್ತದೆ. ನೀವು ಜ್ವರದಿಂದ ಮಲಗಿದ ದಿನ ಆ ಕೆಲಸವನ್ನು ಯಾರು ಮಾಡುವರೆಂಬುದು ಹಸು ಬರುವ ಮೊದಲೇ ತೀರ್ಮಾನವಾಗಿರಬೇಕು.

ದಿನಕ್ಕೆ ಹತ್ತು ನಿಮಿಷ ಬರಿಗೈಯಲ್ಲಿ ಕೊಟ್ಟಿಗೆಯಲ್ಲಿ ಕುಳಿತುಕೊಳ್ಳಿ. ಕೈಯಲ್ಲಿ ಮೇವಿದ್ದರೆ ನಿಮಗೆ ಕಾಣುವುದು ಅವುಗಳ ಹಸಿವು ಮಾತ್ರ. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಆದಷ್ಟು ಮರೆಮಾಚುತ್ತವೆ, ಹಾಗಾಗಿ ರೋಗದ ಮೊದಲ ಸುಳಿವು ಸಣ್ಣದಾಗಿಯೇ ಇರುತ್ತದೆ. ಆರೋಗ್ಯವಂತ ಹಸು ದಿನದಲ್ಲಿ ಸುಮಾರು 6ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಮೆಲುಕು ನಿಂತಿದ್ದರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು. ಎಡಪಕ್ಕೆ ಉಬ್ಬಿ ಡೋಲಿನಂತೆ ಬಿಗಿದಿದ್ದರೆ ಅದು ಹೊಟ್ಟೆಯುಬ್ಬರ, ಪಶುವೈದ್ಯರನ್ನು ಕರೆಸಲು ಬೆಳಗಿನವರೆಗೆ ಕಾಯುವಂತಿಲ್ಲ. ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತ ಕೋಳಿಯನ್ನು ಕೂಡಲೇ ಬೇರೆ ಇರಿಸಿ. ಕಂಡದ್ದನ್ನೆಲ್ಲ ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆಯಿರಿ.

ಹಾಲು ಕರೆಯುವುದನ್ನು ಬೇರೆಯವರಿಗೆ ವಹಿಸಬೇಡಿ. ನಾನು ಕಲಿಯುವಾಗ ಹಸು ಎರಡು ಬಾರಿ ಪಾತ್ರೆ ಒದ್ದಿತ್ತು. ತಪ್ಪು ಅದರದೆಂದೇ ನಾನು ಸಿಡುಕುತ್ತಿದ್ದೆ. ಕೆಚ್ಚಲನ್ನು ತೊಳೆದು ನೇವರಿಸಿದಾಗ ಹಸುವಿನ ದೇಹದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸ್ರವಿಸಿ ಹಾಲು ಇಳಿಯುತ್ತದೆ, ಆದರೆ ಹೆದರಿದ ಹಸುವಿನಲ್ಲಿ ಅಡ್ರಿನಲಿನ್ ಅದನ್ನು ತಡೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಹೀಗಾಗಿ ಅದೇ ಹೊತ್ತು, ಅದೇ ದನಿ, ಅದೇ ಕ್ರಮ ಇರಲಿ. ಕೆಚ್ಚಲನ್ನು ತೊಳೆದು ಒರೆಸಿ, ಮೊದಲ ಕೆಲವು ಧಾರೆಗಳನ್ನು ಕಪ್ಪು ಬಣ್ಣದ ಬಟ್ಟಲಿಗೆ ಹಿಂಡಿ ನೋಡಿ. ಗರಣೆ ಕಂಡರೆ ಅದು ಕೆಚ್ಚಲುಬಾವಿನ ಲಕ್ಷಣ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊಲೆತೊಟ್ಟಿನ ಬುಡವನ್ನು ಮುಚ್ಚಿ, ಉಳಿದ ಬೆರಳುಗಳನ್ನು ಮೇಲಿನಿಂದ ಒಂದೊಂದಾಗಿ ಮಡಿಸುತ್ತ ಬನ್ನಿ, ಜಗ್ಗಬೇಡಿ. ಹಣೆಯನ್ನು ಅದರ ಪಕ್ಕೆಗೆ ಆನಿಸಿದರೆ ಒಳಗೆ ಮೇವು ಹುಳಿಯುತ್ತ ಗುಡುಗುಡು ಎನ್ನುವುದು ಕೇಳಿಸುತ್ತದೆ. ಪಾತ್ರೆಯ ತಳಕ್ಕೆ ಬೀಳುವಾಗ ಟಣಟಣ ಎನ್ನುತ್ತಿದ್ದ ಧಾರೆ ನೊರೆಯೇರಿದಂತೆ ಮೆತ್ತಗಾಗುತ್ತದೆ, ಅಷ್ಟರಲ್ಲಿ ನಿಮ್ಮ ಉಸಿರೂ ನಿಧಾನವಾಗಿರುತ್ತದೆ.

ಮರಿ ಹಾಕುವ ದಿನಕ್ಕೆ ಪುಸ್ತಕ ನೆರವಿಗೆ ಬರುತ್ತದೆ: ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ, ಹಸುವಿನದು ಸುಮಾರು 283. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಗೆ ಗಿಣ್ಣುಹಾಲು ಕುಡಿಸಲೇಬೇಕು. ಅದರಲ್ಲಿರುವ ರೋಗನಿರೋಧಕಗಳನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಒಂದು ದಿನದೊಳಗೆ ಇಲ್ಲವಾಗುತ್ತದೆ. ಒದ್ದೆ ಮರಿ ತಡವರಿಸಿ ಎದ್ದು ನಿಲ್ಲುವುದನ್ನು ಕಂಡವರು ಮುಂದಿನ ಪ್ರಶ್ನೆಯನ್ನು ಮರೆಯುತ್ತಾರೆ: ಹುಟ್ಟುವುದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಅವನ್ನು ಸಾಕುವಿರೋ, ಮಾರುವಿರೋ, ಮಾಂಸಕ್ಕೆ ಕೊಡುವಿರೋ ಎಂಬುದನ್ನು ಹೋತದ ಬಳಿ ಬಿಡುವ ಮೊದಲೇ ಮನೆಯವರೆಲ್ಲ ಕುಳಿತು ನಿರ್ಧರಿಸಿ. ಮುದ್ದಿನ ಹೆಸರಿಟ್ಟ ಮೇಲೆ ಆ ಮಾತು ಕಷ್ಟ. ಎಷ್ಟೇ ಎಚ್ಚರ ವಹಿಸಿದರೂ ಒಂದಿಲ್ಲೊಂದು ಸಾಯುತ್ತದೆ. ಅದರ ಬಗ್ಗೆಯೂ ಪುಸ್ತಕದಲ್ಲಿ ಬರೆಯಿರಿ, ಕಾರಣ ತಿಳಿದಿದ್ದರೆ ಕಾರಣವನ್ನೂ.

ಹಗಲು ಮೊಟಕಾದಾಗ ಕೋಳಿಗಳು ಗರಿ ಉದುರಿಸಿ ಮೊಟ್ಟೆ ನಿಲ್ಲಿಸಬಹುದು. ದಿನಕ್ಕೆ 14 ಗಂಟೆಗೂ ಹೆಚ್ಚು ಬೆಳಕು ಸಿಗುವಂತೆ ದೀಪ ಹಾಕಿದರೆ ಮೊಟ್ಟೆ ಮುಂದುವರಿಯುತ್ತದಾದರೂ, ಮನೆಯ ಹಿಂಡಿಗೆ ಆ ಬಿಡುವು ಇರಲೆಂದೇ ನಾನು ದೀಪ ಹಾಕುವುದಿಲ್ಲ. ಆ ದಿನಗಳಲ್ಲಿ ಪ್ರೋಟೀನು ಹೆಚ್ಚಿರುವ ಆಹಾರ ಕೊಡಿ, ಗೂಡಿನ ಹಿಕ್ಕೆಯನ್ನು ಬಾಚಿ ಗೊಬ್ಬರದ ಗುಂಡಿಗೆ ಸೇರಿಸಿ. ಹಸಿಯಾಗಿ ಹಾಕಿದರೆ ಅದು ಗಿಡದ ಬೇರನ್ನು ಸುಡುತ್ತದೆ. ಮೊಟ್ಟೆ ಮತ್ತೆ ಕಂಡ ದಿನವನ್ನು ಬರೆದಿಟ್ಟರೆ, ಮುಂದಿನ ವರ್ಷ ಗೂಡು ಖಾಲಿಯಾದಾಗ ಎಷ್ಟು ದಿನ ಕಾಯಬೇಕೆಂದು ಆ ಪುಟವೇ ಹೇಳುತ್ತದೆ.